ಹ್ಯಾಟಿ ಮೆಕ್‌ಡೇನಿಯಲ್ ಕಥೆಯನ್ನ ಉಲ್ಟಾ ಹೇಳೋದು ನಿಲ್ಲಿಸೋಣ

ಭಾಗ 1/8

ಈ ಮುಖ ನಿಮ್ಮ ಫೀಡ್‌ಗೆ ವರ್ಷಕ್ಕೊಂದು ಸಲ ಆದ್ರೂ ಬಂದಿರತ್ತೆ, ಆಸ್ಕರ್ ಹತ್ತಿರ ಬಂದಾಗ. ಮುಡಿಯಲ್ಲಿ ಗಾರ್ಡೀನಿಯಾ ಹೂ, ಕೈಯಲ್ಲಿ ಪ್ರಶಸ್ತಿ, ಮುಖದಲ್ಲಿ ನಗು. ಕೆಳಗೆ ಯಾವಾಗ್ಲೂ ಒಂದೇ ಧಾಟಿಯ ಬರಹ: ಗುಲಾಮರಾಗಿದ್ದವರ ಮಗಳು, ಮನೆಗೆಲಸ ಮಾಡಿದವಳು, ಕೊನೆಗೆ ಆಸ್ಕರ್ ಗೆದ್ದಳು, ಕನಸು ಕಾಣಿ ಸ್ನೇಹಿತರೇ. ಎರಡು ಹಾರ್ಟು, ಒಂದು ಚಪ್ಪಾಳೆ, ಮುಂದಿನ ರೀಲು.

ಈ ಸರಣಿ ಆ ಬರಹದ ವಿರುದ್ಧ.

ಅದರಲ್ಲಿರೋ ಒಂದೊಂದು ಮಾತೂ ನಿಜವೇ. ಹ್ಯಾಟಿ ಅಪ್ಪ ಅಮ್ಮ ಇಬ್ಬರೂ ಗುಲಾಮಗಿರಿಯಲ್ಲಿ ಹುಟ್ಟಿದವರು. ಆಕೆ ಮನೆಗೆಲಸ ಮಾಡಿದ್ದೂ ಹೌದು. 1940ರಲ್ಲಿ ಆಸ್ಕರ್ ಗೆದ್ದ ಮೊದಲ ಕಪ್ಪು ಕಲಾವಿದೆ ಅನ್ನೋದೂ ಹೌದು. ಆದ್ರೆ ಈ ಮೂರನ್ನ ಮೆಟ್ಟಿಲ ಹಾಗೆ ಜೋಡಿಸಿ "ಕೆಳಗಿನಿಂದ ಮೇಲಕ್ಕೆ" ಅಂತ ತೋರಿಸ್ತೀರಲ್ಲ, ಅಲ್ಲಿ ಮೋಸ ಇದೆ. ಕಲಾವಿದೆಯಾಗಿ ಹ್ಯಾಟಿ ರಂಗದಿಂದ ಸಿನಿಮಾಕ್ಕೆ ಬಂದಾಗ ಹಣದಲ್ಲಿ ಮೇಲೆ ಹೋದಳು, ಅಧಿಕಾರದಲ್ಲಿ ಕೆಳಗಿಳಿದಳು. ಈ ಲೆಕ್ಕ ಬಿಟ್ಟು ಆಕೆಯ ಕಥೆ ಹೇಳೋರು ಆಕೆಯನ್ನ ಹೊಗಳ್ತಾ ಇಲ್ಲ. ಹಾಲಿವುಡ್ಡನ್ನ ಹೊಗಳ್ತಾ ಇದ್ದಾರೆ.

ಭಾಗ 2/8

ಮೊದಲು ರಂಗ.

ಕ್ಯಾನ್ಸಸ್ ರಾಜ್ಯದ ವಿಚಿಟಾದಲ್ಲಿ ಹುಟ್ಟು, ಕೊಲರಾಡೊದ ಡೆನ್ವರ್‌ನಲ್ಲಿ ಬೆಳೆದದ್ದು. ಹದಿಮೂರು ಮಕ್ಕಳಲ್ಲಿ ಕಡೆಯವಳು. ಅಪ್ಪ ಹೆನ್ರಿ ಅಂತರ್ಯುದ್ಧದಲ್ಲಿ ಕಾದಾಡಿದ ಸೈನಿಕ, ಅಮ್ಮ ಸೂಸನ್ ಭಕ್ತಿಗೀತೆ ಹಾಡ್ತಿದ್ದಾಕೆ. ಅಣ್ಣಂದಿರೂ ಅಕ್ಕಂದಿರೂ ರಂಗ ಹತ್ತಿದ ಮನೆ ಅದು.

ಆ ಕಾಲದ ವಾಡ್‌ವಿಲ್ ಅಂದ್ರೆ ಏನು ಗೊತ್ತಾ? ಒಂದೇ ಟಿಕೆಟ್ಟಿಗೆ ಹಾಡು, ಕುಣಿತ, ಹಾಸ್ಯ, ಜಾದೂ, ಕಸರತ್ತು, ಎಲ್ಲಾ ಸಾಲಾಗಿ. ಊರಿಂದ ಊರಿಗೆ ಮೂಟೆ ಕಟ್ಟೋ ಬದುಕು. ನಮ್ಮ ಕಂಪನಿ ನಾಟಕದ ಊರೂರು ತಿರುಗಾಟ ನೆನಪಿಸಿಕೊಳ್ಳಿ, ಅದರಲ್ಲಿ ನಾಟಕ ತೆಗೆದು ಹತ್ತು ಬಗೆಯ ಐಟಂ ಹಾಕಿ. ಕಪ್ಪು ಕಲಾವಿದರಿಗೆ ಟೋಬಾ ಅನ್ನೋ ಬೇರೆಯದೇ ಸರ್ಕ್ಯೂಟ್ ಇತ್ತು. ಕೂಲಿ ಕಮ್ಮಿ, ಪ್ರಯಾಣ ಕಷ್ಟ. ಆದ್ರೆ ಎದುರಿಗೆ ಕೂತವರು ತಮ್ಮವರೇ.

ಅಲ್ಲಿ ಹ್ಯಾಟಿ ಏನು ಮಾಡಿದಳು ನೋಡಿ. 1914ರಲ್ಲಿ ಅಕ್ಕ ಎಟ್ಟಾ ಜೊತೆ ಸೇರಿ ಬರೀ ಹೆಂಗಸರದ್ದೇ ಒಂದು ಪ್ರದರ್ಶನ ಕಟ್ಟಿದಳು. 1920ರ ದಶಕದಲ್ಲಿ ಜಾರ್ಜ್ ಮಾರಿಸನ್ ವಾದ್ಯತಂಡದ ಜೊತೆ ಸುತ್ತಿದಳು, ಡೆನ್ವರ್ ರೇಡಿಯೋದಲ್ಲಿ ಹಾಡಿದಳು. 1926ರಿಂದ 1929ರ ನಡುವೆ ಬ್ಲೂಸ್ ಹಾಡುಗಳನ್ನ ರೆಕಾರ್ಡ್ ಮಾಡಿಸಿದಳು, ಅದರಲ್ಲಿ ಹಲವು ಆಕೆಯೇ ಬರೆದದ್ದು. ಎರಡರ್ಥದ ಮಾತು, ತುಂಟತನ, ಪ್ರೇಮದ ದೂರು, ಎಲ್ಲಾ ಇರೋ ಹಾಡುಗಳು.

ತಂಡ ಕಟ್ಟಿದಾಕೆ, ಹಾಡು ಬರೆದಾಕೆ, ಸ್ವಂತ ನಗೆ ಇದ್ದಾಕೆ. ನೆನಪಿಟ್ಟುಕೊಳ್ಳಿ, ಇದೆಲ್ಲಾ ಸಿನಿಮಾಕ್ಕಿಂತ ಮುಂಚೆ.

ಭಾಗ 3/8

1929ರಲ್ಲಿ ಷೇರುಪೇಟೆ ಕುಸಿದು ಬಿತ್ತು, ರಂಗದ ಕೆಲಸವೂ ಬಿತ್ತು. ಮಿಲ್ವಾಕಿ ಊರಿನ ಒಂದು ಕ್ಲಬ್ಬಿನಲ್ಲಿ ಹೆಂಗಸರ ಶೌಚಾಲಯ ನೋಡಿಕೊಳ್ಳೋ ಕೆಲಸ ಮಾತ್ರ ಸಿಕ್ತು. ಒಂದು ರಾತ್ರಿ ಹಾಡೋಕೆ ಅವಕಾಶ ಕೊಟ್ಟರು. ಹಾಡಿದಳು. ಆಮೇಲೆ ಆ ರಂಗ ಅವಳದ್ದೇ ಆಯ್ತು.

1931ರಲ್ಲಿ ಲಾಸ್ ಏಂಜಲೀಸ್. ಅಣ್ಣ ಸ್ಯಾಮ್, ಅಕ್ಕ ಎಟ್ಟಾ ಆಗಲೇ ಅಲ್ಲಿದ್ದರು. ಸಿನಿಮಾ ಸಿಗದ ದಿನ ಹ್ಯಾಟಿ ಬೇರೆಯವರ ಮನೆಯಲ್ಲಿ ಅಡುಗೆ, ಬಟ್ಟೆ. ಸಿನಿಮಾ ಸಿಕ್ಕ ದಿನ? ತೆರೆಯ ಮೇಲೆ ಅಡುಗೆ, ಬಟ್ಟೆ. ಹೆಸರಿನ ಪಟ್ಟಿಯಲ್ಲಿ ಜಾಗ ಇಲ್ಲದ ಪಾತ್ರಗಳು ಎಷ್ಟೋ.

ಆದ್ರೂ ಆ ಚಿಕ್ಕ ಜಾಗದಲ್ಲಿ ವಾಡ್‌ವಿಲ್ ಕಲಿಸಿದ ವಿದ್ಯೆ ಕಾಣತ್ತೆ. 1935ರ 'ಆಲಿಸ್ ಆಡಮ್ಸ್' ಸಿಕ್ಕರೆ ಊಟದ ದೃಶ್ಯ ನೋಡಿ. ಬಡತನ ಮುಚ್ಚಿಟ್ಟು ದೊಡ್ಡಸ್ತಿಕೆ ತೋರಿಸೋಕೆ ಹೊರಟ ಒಂದು ಬಿಳಿಯ ಕುಟುಂಬ, ಆ ಒಂದು ರಾತ್ರಿಗೆ ಬಾಡಿಗೆಗೆ ಕರೆಸಿಕೊಂಡ ಕೆಲಸದಾಕೆ ಹ್ಯಾಟಿ. ಕ್ಯಾಥರೀನ್ ಹೆಪ್‌ಬರ್ನ್ ಎದುರು ಬಡಿಸೋದೇ ಅವಳ ಕೆಲಸ. ಅವಸರ ಇಲ್ಲ, ಭಯ ಇಲ್ಲ, ಮರ್ಯಾದೆಯ ನಟನೆಯೂ ಇಲ್ಲ. ಒಂದೊಂದು ತಟ್ಟೆ ಇಡುವಾಗಲೂ ಆ ಮನೆಯ ಜಂಭ ಒಂದೊಂದು ಪದರ ಕಳಚತ್ತೆ. ಯಾವಾಗ ನಿಲ್ಲಬೇಕು, ಎಷ್ಟು ಹೊತ್ತು ನೋಡಬೇಕು ಅನ್ನೋ ಆ ಅಳತೆಯನ್ನ ಸ್ಟುಡಿಯೋ ಕಲಿಸಲಿಲ್ಲ. ಊರೂರು ತಿರುಗಿ, ಜನರ ಎದುರು ನಿಂತು ಕಲಿತದ್ದು ಅದು.

1934ರಲ್ಲಿ ಜಾನ್ ಫೋರ್ಡ್ ನಿರ್ದೇಶನದ 'ಜಡ್ಜ್ ಪ್ರೀಸ್ಟ್', 1936ರಲ್ಲಿ ಪಾಲ್ ರೋಬ್ಸನ್ ಜೊತೆ 'ಶೋ ಬೋಟ್'. ಎರಡರಲ್ಲೂ ಹಾಡಿದಳು. ಎರಡರಲ್ಲೂ ಬಿಳಿಯರ ಕಥೆಯ ಅಂಚಿನಲ್ಲೇ ಹಾಡಿದಳು.

ಭಾಗ 4/8

ಈಗ ಕೆಲವರು ಕೇಳ್ತಾರೆ: ಬೇರೆ ಪಾತ್ರ ಯಾಕೆ ಮಾಡಲಿಲ್ಲ?

ಯಾವ ಬೇರೆ ಪಾತ್ರ? ಬರೆದವರು ಯಾರು?

ಹಾಲಿವುಡ್‌ಗೆ ಒಂದು ಪ್ರೊಡಕ್ಷನ್ ಕೋಡ್ ಇತ್ತು, 1934ರಿಂದ ಬಿಗಿಯಾಗಿ ಜಾರಿಗೆ ಬಂದದ್ದು. ಬಿಳಿಯರು ಮತ್ತು ಕಪ್ಪು ಜನರ ನಡುವಿನ ದೇಹ ಸಂಬಂಧ ತೋರಿಸಲೇಬಾರದು ಅಂತ ಅದರಲ್ಲಿ ಬರೆದಿತ್ತು. ನಾಯಕರೆಲ್ಲಾ ಬಿಳಿಯರೇ ಆಗಿದ್ದ ಉದ್ಯಮದಲ್ಲಿ ಇದರ ಅರ್ಥ ಏನಾಯ್ತು? ಕಪ್ಪು ನಟಿಗೆ ಪ್ರೇಮ ಇಲ್ಲ. ಪ್ರೇಮ ಇಲ್ಲ ಅಂದ್ರೆ ನಾಯಕಿ ಪಾತ್ರ ಇಲ್ಲ. ಉಳಿದದ್ದು ಅಡುಗೆಮನೆ.

ಜೊತೆಗೆ ವ್ಯಾಪಾರದ ಲೆಕ್ಕ. ದಕ್ಷಿಣ ರಾಜ್ಯಗಳ ಚಿತ್ರಮಂದಿರಗಳಿಗೆ ಬೇಜಾರಾದೀತು ಅನ್ನೋದು ಸ್ಟುಡಿಯೋಗಳ ಸದಾಕಾಲದ ನೆಪ. 1940ರ ದಶಕದಲ್ಲಿ ಲೀನಾ ಹಾರ್ನ್ ಹಾಡಿನ ದೃಶ್ಯಗಳನ್ನ ಕಥೆಗೆ ಅಂಟದ ಹಾಗೆ ಬೇರೆಯಾಗಿ ಚಿತ್ರಿಸ್ತಿದ್ದರು. ಯಾಕೆ? ದಕ್ಷಿಣದಲ್ಲಿ ತೋರಿಸುವಾಗ ಕತ್ತರಿಸಿ ತೆಗೆಯೋಕೆ ಸುಲಭ ಆಗಲಿ ಅಂತ. ಚೆಲುವೆಗೆ ಕತ್ತರಿ, ಅಡುಗೆಯವಳಿಗೆ ಸ್ವಾಗತ. ಅಡುಗೆಯವಳನ್ನ ಕಂಡ್ರೆ ಯಾರಿಗೂ ಬೇಜಾರಾಗ್ತಿರಲಿಲ್ಲ ನೋಡಿ. ಬಹಳ ಮನೆಗಳಲ್ಲಿ ಆಕೆಯನ್ನ ದಿನಾ ನೋಡ್ತಿದ್ದರು.

ಹೀಗಿರುವಾಗ "ಪಾತ್ರದ ಆಯ್ಕೆ" ಅನ್ನೋ ಮಾತನ್ನ ದಯವಿಟ್ಟು ಹ್ಯಾಟಿ ಪಕ್ಕ ಇಡಬೇಡಿ. ಅಂಗಡಿಯಲ್ಲಿ ಒಂದೇ ಸೀರೆ ನೇತುಹಾಕಿ, ಉಟ್ಟವಳ ಅಭಿರುಚಿ ಸರಿಯಿಲ್ಲ ಅನ್ನೋದು ಯಾವ ನ್ಯಾಯ?

ಭಾಗ 5/8

'ಗಾನ್ ವಿತ್ ದ ವಿಂಡ್' 1939ರ ಡಿಸೆಂಬರ್ 15ರಂದು ಜಾರ್ಜಿಯಾ ರಾಜ್ಯದ ಅಟ್ಲಾಂಟಾದಲ್ಲಿ ಮೊದಲ ಪ್ರದರ್ಶನ ಕಂಡಿತು. ಊರಿಗೆ ಊರೇ ಹಬ್ಬ. ಹ್ಯಾಟಿ ಅಲ್ಲಿರಲಿಲ್ಲ. ಜಾರ್ಜಿಯಾದ ವರ್ಣಭೇದದ ಕಾನೂನಿನಲ್ಲಿ ಆಕೆ ಸಹನಟರ ಪಕ್ಕ ಕೂರೋ ಹಾಗಿರಲಿಲ್ಲ.

ಆ ಸಿನಿಮಾ ಗುಲಾಮಗಿರಿಯನ್ನ ಸಿಹಿಯಾಗಿ ತೋರಿಸತ್ತೆ, ಅದರಲ್ಲಿ ಎರಡು ಮಾತಿಲ್ಲ. ಹ್ಯಾಟಿ ಪಾತ್ರಕ್ಕೆ ಸ್ವಂತ ಹೆಸರು ಕೂಡ ಇಲ್ಲ. ಮ್ಯಾಮಿ, ಅಷ್ಟೇ. ಗಂಡನಿಲ್ಲ, ಮಕ್ಕಳಿಲ್ಲ, ಸ್ವಂತದ ಒಂದು ಆಸೆ ಇಲ್ಲ. ಆದ್ರೂ ಮಗು ಸತ್ತ ಮೇಲೆ ಮೆಟ್ಟಿಲು ಹತ್ತುತ್ತಾ, ಅಳುತ್ತಾ, ಮನೆಯೊಳಗೆ ಏನೇನಾಯ್ತು ಅಂತ ಹೇಳ್ತಾಳಲ್ಲ, ಆ ದೃಶ್ಯದಲ್ಲಿ ಕಣ್ಣು ಬೇರೆ ಯಾರ ಮೇಲೂ ಹೋಗಲ್ಲ. ಪಾತ್ರ ಬರೆದವರು ಕೊಡದ ಒಳಮನಸ್ಸನ್ನ ನಟಿ ತಂದು ಹಾಕಿದ್ದಾಳೆ.

1940ರ ಫೆಬ್ರವರಿ 29, ಆಸ್ಕರ್ ರಾತ್ರಿ. ಜಾಗ ಲಾಸ್ ಏಂಜಲೀಸ್‌ನ ಆಂಬಾಸಡರ್ ಹೋಟೆಲ್. ಅಲ್ಲಿ ಕಪ್ಪು ಜನರಿಗೆ ಪ್ರವೇಶ ಇರಲಿಲ್ಲ. ನಿರ್ಮಾಪಕ ಸೆಲ್ಜ್‌ನಿಕ್ ವಿಶೇಷ ಅನುಮತಿ ಕೇಳಬೇಕಾಯ್ತು. ಒಳಗೆ ಬಿಟ್ಟರು, ಆದ್ರೆ ಚಿತ್ರತಂಡದ ಟೇಬಲ್ಲಿಗೆ ಅಲ್ಲ. ಗೋಡೆ ಪಕ್ಕ ಒಂದು ಚಿಕ್ಕ ಟೇಬಲ್, ಆಕೆ, ಜೊತೆಗೆ ಬಂದವರು, ಏಜೆಂಟ್. ಅಲ್ಲಿಂದ ಎದ್ದು ಹೋಗಿ ಪ್ರಶಸ್ತಿ ತಗೊಂಡು, ತಿರುಗಿ ಬಂದು ಅಲ್ಲೇ ಕೂತಳು.

ನೀವು ಹಾರ್ಟ್ ಒತ್ತೋ ಫೋಟೊದ ಫ್ರೇಮಿನಾಚೆ ಇರೋದು ಆ ಟೇಬಲ್ಲು.

ಭಾಗ 6/8

ಇದಕ್ಕೆ ತದ್ವಿರುದ್ಧವಾದ ಇನ್ನೊಂದು ಬರಹವೂ ಇದೆ. ಅದನ್ನ ಬರೆಯೋರು ಓದಿಕೊಂಡವರು. ಹ್ಯಾಟಿ ತನ್ನ ಜನರನ್ನೇ ಮಾರಿಕೊಂಡಳು, ಬಿಳಿಯರಿಗೆ ಬೇಕಾದ ಗೊಂಬೆ ಆಡಿಸಿದಳು ಅಂತ.

ಈ ಆಪಾದನೆ ಹೊಸದಲ್ಲ. ಕಪ್ಪು ಜನರ ಹಕ್ಕಿನ ಸಂಘಟನೆಯಾದ ಎನ್‌ಎಎಸಿಪಿ ಮುಖ್ಯಸ್ಥ ವಾಲ್ಟರ್ ವೈಟ್ 1942ರಲ್ಲಿ ಹಾಲಿವುಡ್‌ಗೆ ಬಂದು ಸ್ಟುಡಿಯೋ ದೊರೆಗಳ ಜೊತೆ ಕೂತು, ಈ ಥರದ ಪಾತ್ರ ನಿಲ್ಲಿಸಿ ಅಂದರು. ಬೇಡಿಕೆ ನೂರಕ್ಕೆ ನೂರು ಸರಿ. ಆ ಪಾತ್ರಗಳು ಮಾಡಿದ ಹಾನಿ ಸಣ್ಣದಲ್ಲ. ಆದ್ರೆ ಆ ಟೀಕೆಯ ಬಿಸಿ ತಾಗಿದ್ದು ಯಾರಿಗೆ? ಬರೆದವರಿಗೂ ಅಲ್ಲ, ಹಣ ಹಾಕಿದವರಿಗೂ ಅಲ್ಲ, ಪಾತ್ರ ಮಾಡಿ ಹೊಟ್ಟೆ ಹೊರೆದವರಿಗೆ. ಹಳೇ ಪಾತ್ರ ಕಮ್ಮಿ ಆದವು, ಹೊಸದು ಬರಲಿಲ್ಲ.

ವಾರಕ್ಕೆ 7 ಡಾಲರಿಗೆ ಕೆಲಸದಾಕೆ ಆಗೋದಕ್ಕಿಂತ 700 ಡಾಲರಿಗೆ ಕೆಲಸದಾಕೆ ಪಾತ್ರ ಮಾಡೋದು ವಾಸಿ ಅನ್ನೋ ಅರ್ಥದ ಒಂದು ಮಾತು ಹ್ಯಾಟಿ ಹೆಸರಲ್ಲಿ ಓಡಾಡತ್ತೆ. ಒಬ್ಬರು ಅದನ್ನ ಜಾಣತನ ಅಂತಾರೆ, ಇನ್ನೊಬ್ಬರು ನಾಚಿಕೆಗೇಡು ಅಂತಾರೆ. ನನಗೆ ಅದರಲ್ಲಿ ಕಾಣೋದು ಒಂದು ಬೆಲೆಪಟ್ಟಿ. ತಂಡ ಕಟ್ಟಿದ, ಹಾಡು ಬರೆದ ಹೆಂಗಸಿಗೆ ಆ ದೇಶ ಇಟ್ಟ ಎರಡೇ ದರ.

ಹೊಗಳೋ ಬರಹವೂ ತೆಗಳೋ ಬರಹವೂ ಒಂದೇ ಕೆಲಸ ಮಾಡ್ತವೆ ನೋಡಿ. ಎರಡೂ ಹ್ಯಾಟಿಯನ್ನೇ ದಿಟ್ಟಿಸ್ತವೆ. ಟೇಬಲ್ಲನ್ನ ಗೋಡೆ ಪಕ್ಕ ಹಾಕಿಸಿದವರ ಹೆಸರು ಎರಡರಲ್ಲೂ ಇರಲ್ಲ.

ಭಾಗ 7/8

ಮಾರಿಕೊಂಡವಳು ಅಂತೀರಲ್ಲ, ಇದನ್ನ ಓದಿ.

ಲಾಸ್ ಏಂಜಲೀಸ್‌ನ ವೆಸ್ಟ್ ಆಡಮ್ಸ್ ಬಡಾವಣೆ. ಅಲ್ಲಿನ ದೊಡ್ಡ ಮನೆಗಳ ಪತ್ರದಲ್ಲೇ ಒಂದು ಕರಾರು: ಬಿಳಿಯರಲ್ಲದವರಿಗೆ ಮಾರಬಾರದು. ಆದ್ರೂ ಹಲವು ಕಪ್ಪು ಕುಟುಂಬಗಳು ಮನೆ ಕೊಂಡರು, ಆ ಜಾಗಕ್ಕೆ ಶುಗರ್ ಹಿಲ್ ಅಂತಲೇ ಹೆಸರಾಯ್ತು. ಹ್ಯಾಟಿಯೂ ಕೊಂಡಳು. ಬಿಳಿಯ ನೆರೆಯವರು ಇವರನ್ನೆಲ್ಲಾ ಎಬ್ಬಿಸಿ ಅಂತ ಕೋರ್ಟಿಗೆ ಹೋದರು. ಹ್ಯಾಟಿ ಸುಮ್ಮನೆ ಕೂರಲಿಲ್ಲ. ಅಕ್ಕಪಕ್ಕದವರನ್ನ ಸೇರಿಸಿದಳು, ಜೊತೆಗೆ ನಟಿ ಲೂಯಿಸ್ ಬೀವರ್ಸ್ ಕೂಡ. ವಕೀಲ ಲೋರೆನ್ ಮಿಲ್ಲರ್. 1945ರ ಡಿಸೆಂಬರ್‌ನಲ್ಲಿ ನ್ಯಾಯಾಧೀಶ ಥರ್ಮಂಡ್ ಕ್ಲಾರ್ಕ್ ನೆರೆಯವರ ದಾವೆ ವಜಾ ಮಾಡಿದರು. ಸಂವಿಧಾನದ 14ನೇ ತಿದ್ದುಪಡಿ ಕೊಟ್ಟ ಸಮಾನತೆ ಎದುರು ಇಂಥ ಕರಾರು ನಿಲ್ಲಲ್ಲ ಅನ್ನೋದು ಸಾರ. ಮೂರು ವರ್ಷದ ನಂತರ, 1948ರಲ್ಲಿ, ಇಂಥ ಕರಾರುಗಳನ್ನ ಯಾವ ಕೋರ್ಟೂ ಜಾರಿ ಮಾಡೋ ಹಾಗಿಲ್ಲ ಅಂತ ಸುಪ್ರೀಂ ಕೋರ್ಟೇ ಹೇಳಿತು.

1947ರಲ್ಲಿ ರೇಡಿಯೋದ 'ಬ್ಯೂಲಾ' ಆಕೆಯ ಕೈಗೆ ಬಂತು. ಅದೂ ಕೆಲಸದಾಕೆ ಪಾತ್ರವೇ. ಆದ್ರೆ ಅಲ್ಲಿಯವರೆಗೆ ಆ ಕಪ್ಪು ಹೆಂಗಸಿನ ದನಿ ಯಾರದ್ದಾಗಿತ್ತು ಗೊತ್ತಾ? ಬಿಳಿಯ ಗಂಡಸರದ್ದು! ಹ್ಯಾಟಿ ಬಂದ ಮೇಲೆ ಕಪ್ಪು ಹೆಂಗಸಿನ ಪಾತ್ರಕ್ಕೆ ಕಪ್ಪು ಹೆಂಗಸಿನ ದನಿ ಸಿಕ್ತು. ವಂಕಿ ಭಾಷೆ ಮಾತಾಡಿಸಿ ನಗಿಸೋದಕ್ಕೆ ಆಕೆ ಒಪ್ಪಲಿಲ್ಲ.

ಬಾಡಿಗೆಯ ಪಾತ್ರದೊಳಗೆ ಎಷ್ಟು ಜಾಗ ಸಿಕ್ಕತೋ ಅಷ್ಟು ಕಿತ್ತುಕೊಂಡಳು. ಸ್ವಂತ ಮನೆ ವಿಷಯಕ್ಕೆ ಬಂದಾಗ ಒಂದಿಂಚೂ ಬಿಡಲಿಲ್ಲ.

ಭಾಗ 8/8

1952ರ ಅಕ್ಟೋಬರ್ 26ರಂದು ಸ್ತನ ಕ್ಯಾನ್ಸರ್‌ನಿಂದ ತೀರಿಕೊಂಡಳು. ಹಾಲಿವುಡ್ ಸ್ಮಶಾನದಲ್ಲಿ ಮಣ್ಣಾಗಬೇಕು ಅನ್ನೋದು ಆಕೆಯ ಆಸೆ. ಕಪ್ಪು ಜನರಿಗೆ ಜಾಗ ಇಲ್ಲ ಅಂದರು. ರೋಸ್‌ಡೇಲ್ ಸ್ಮಶಾನದಲ್ಲಿ ಮಣ್ಣು ಮಾಡಿದರು. 1999ರಲ್ಲಿ ಆ ಹಾಲಿವುಡ್ ಸ್ಮಶಾನದಲ್ಲಿ ಆಕೆಯ ಹೆಸರಿನ ಒಂದು ಸ್ಮಾರಕ ಕಲ್ಲು ನಿಲ್ಲಿಸಿದರು. 47 ವರ್ಷ ತಡವಾಗಿ, ದೇಹ ಇಲ್ಲದ ಕಲ್ಲು.

ಆಸ್ಕರ್ ಕಥೆಯೂ ಹಾಗೇ. ಆ ಕಾಲದಲ್ಲಿ ಪೋಷಕ ಪಾತ್ರದವರಿಗೆಲ್ಲಾ ಗೊಂಬೆಯ ಬದಲು ಫಲಕ ಕೊಡ್ತಿದ್ದರು. ಅದನ್ನ ಹ್ಯಾಟಿ ಹೋವರ್ಡ್ ವಿಶ್ವವಿದ್ಯಾಲಯಕ್ಕೆ ಬಿಟ್ಟು ಹೋದಳು. ಅಲ್ಲಿಂದ ಅದು ಕಾಣೆಯಾಯ್ತು. 2023ರಲ್ಲಿ ಅಕಾಡೆಮಿ ಬದಲಿ ಫಲಕ ಕೊಟ್ಟಿತು. ಇನ್ನು ಆಕೆ ತೆರೆದಳು ಅನ್ನೋ ಬಾಗಿಲು? ನಟನೆಗೆ ಆಸ್ಕರ್ ಪಡೆದ ಎರಡನೇ ಕಪ್ಪು ಮಹಿಳೆ ವೂಪಿ ಗೋಲ್ಡ್‌ಬರ್ಗ್. ಅದು 1991ರಲ್ಲಿ. 51 ವರ್ಷ ಇನ್ನೊಬ್ಬಳು ದಾಟದೇ ಇದ್ದದ್ದನ್ನ ತೆರೆದ ಬಾಗಿಲು ಅಂತೀರಾ?

ಸ್ಫೂರ್ತಿ ಕಥೆ ಬರೆಯೋರಿಗೆ ಒಂದು ಮಾತು. ಒಬ್ಬಳು ಗೆದ್ದದ್ದನ್ನ ತೋರಿಸಿ, ಅವಳಿಗೆ ಅಡ್ಡ ನಿಂತಿದ್ದ ವ್ಯವಸ್ಥೆಗೆ ಒಳ್ಳೇ ನಡತೆಯ ಸರ್ಟಿಫಿಕೇಟ್ ಬರೆದುಕೊಡಬೇಡಿ. ಅಷ್ಟು ಪ್ರತಿಭೆ ಇದ್ದವಳಿಗೆ ಇಷ್ಟೇ ಸಿಕ್ಕಿತು ಅನ್ನೋದು ಗೆಲುವಿನ ಕಥೆಯ ಅಡಿಟಿಪ್ಪಣಿ ಅಲ್ಲ, ಅದೇ ಕಥೆ.

ಮುಂದಿನ ಆಸ್ಕರ್ ಹೊತ್ತಿಗೆ ಈ ಫೋಟೊ ಮತ್ತೆ ಬರತ್ತೆ. ಹಂಚಿಕೊಳ್ಳಿ, ಬೇಡ ಅನ್ನಲ್ಲ. ಆದ್ರೆ ಕಥೆಯನ್ನ 1940ರಿಂದ ಶುರು ಮಾಡಬೇಡಿ. 1914ರಿಂದ ಮಾಡಿ. ಬರೀ ಹೆಂಗಸರ ತಂಡ ಕಟ್ಟಿಕೊಂಡು, ತಾನೇ ನಗಿಸಿ, ತಾನೇ ಹಾಡಿದ ಹುಡುಗಿಯಿಂದ ಶುರು ಮಾಡಿ. ಆಮೇಲೆ ಕೇಳಿ, ಆ ಹುಡುಗಿಗೆ ಸಿನಿಮಾ ಒಂದು ಅಡುಗೆಮನೆ ಬಿಟ್ಟು ಬೇರೇನು ಕೊಡ್ತು ಅಂತ.

ಒಪ್ಪದಿದ್ದರೆ ಕಾಮೆಂಟಲ್ಲಿ ಜಗಳಕ್ಕೆ ಬನ್ನಿ. ಒಪ್ಪಿದ್ರೆ, ಪ್ರತಿ ವರ್ಷ ಆ ಹಳೇ ಪೋಸ್ಟ್ ಹಾಕೋ ನಿಮ್ಮ ಫ್ರೆಂಡಿಗೆ ಇದನ್ನ ಕಳಿಸಿ.

#ಹ್ಯಾಟಿಮೆಕ್‌ಡೇನಿಯಲ್ #ವಾಡ್‌ವಿಲ್ #ಆಸ್ಕರ್ #ಸಿನಿಮಾಚರಿತ್ರೆ #ಕನ್ನಡಬರಹ