ಎದೆ ತೆರೆಯದೆ ಕವಾಟ: ಅರವತ್ತೈದಕ್ಕೂ ಅದೇ ಮೊದಲ ಆಯ್ಕೆಯೆ?

ಪರ

ಹೃದಯದ ಅಯೋರ್ಟಿಕ್ ಕವಾಟ (ವಾಲ್ವ್) ಸುಣ್ಣಗಟ್ಟಿದವರ ಪಾಡು ಮನೆಯವರಿಗೆ ಮೊದಲು ತಿಳಿಯುವುದು ಮೆಟ್ಟಿಲಲ್ಲಿ. ನಾಲ್ಕು ಹತ್ತಿದರೆ ಗೋಡೆ ಹಿಡಿಯಬೇಕು, ಒಮ್ಮೊಮ್ಮೆ ಕಣ್ಣು ಕತ್ತಲಿಟ್ಟು ಕುಸಿಯುತ್ತಾರೆ. ಯಾವ ಮಾತ್ರೆಯೂ ಆ ಕವಾಟವನ್ನು ಸಡಿಲಿಸದು.

2002ರ ಏಪ್ರಿಲ್‌ನಲ್ಲಿ ಫ್ರಾನ್ಸಿನ ರುವಾಂ ಊರಿನಲ್ಲಿ ಡಾ. ಆಲಾಂ ಕ್ರಿಬಿಯೇ, ಶಸ್ತ್ರಚಿಕಿತ್ಸಕರು ಕೈಚೆಲ್ಲಿದ್ದ 57ರ ರೋಗಿಯೊಬ್ಬರಿಗೆ ತೊಡೆಸಂದಿನ ರಕ್ತನಾಳದ ಮೂಲಕವೇ ಹೊಸ ಕವಾಟ ಕೂರಿಸಿದರು. ಇಂದು ಅದನ್ನೇ ಟಾವಿ ಎನ್ನುತ್ತೇವೆ. ದನದ ಇಲ್ಲವೇ ಹಂದಿಯ ಹೃದಯದ ಹೊರಪೊರೆಯನ್ನು ಕತ್ತರಿಸಿ, ಲೋಹದ ಜಾಲರಿಗೆ ಹೊಲಿದು, ಪೆನ್ಸಿಲಿನಷ್ಟು ಸಣ್ಣಗೆ ಹಿಸುಕಿ ಒಳಗೆ ಒಯ್ಯುತ್ತಾರೆ. ಬಲೂನಿನಿಂದ ಅರಳಿಸುವ ಬಗೆಯಾದರೆ, ಆ ಕೆಲವು ಸೆಕೆಂಡು ಪೇಸಿಂಗ್ ತಂತಿಯಿಂದ ಹೃದಯವನ್ನು ನಿಮಿಷಕ್ಕೆ 180ರಷ್ಟು ಬಡಿಸಿ ರಕ್ತದ ತಳ್ಳಾಟ ತಗ್ಗಿಸುತ್ತಾರೆ. ಎದೆಮೂಳೆಗೆ ಗರಗಸವಿಲ್ಲ, ಹೃದಯ ನಿಲ್ಲಿಸುವುದೂ ಇಲ್ಲ.

ಶಸ್ತ್ರಚಿಕಿತ್ಸೆ ತಾಳಲಾರದವರ ಮೇಲೆ ನಡೆದ, 2010ರಲ್ಲಿ ಪ್ರಕಟವಾದ ಪಾರ್ಟ್‌ನರ್ ಪ್ರಯೋಗದಲ್ಲಿ ವರ್ಷದೊಳಗೆ ತೀರಿಕೊಂಡವರು ಹಳೆಯ ಚಿಕಿತ್ಸೆಯಲ್ಲಿ ನೂರಕ್ಕೆ 51, ಟಾವಿಯಲ್ಲಿ 31. 2019ರ ಪ್ರಯೋಗಗಳು ಗಟ್ಟಿಮುಟ್ಟಾದವರಲ್ಲೂ ಟಾವಿ ಶಸ್ತ್ರಚಿಕಿತ್ಸೆಗಿಂತ ಹಿಂದೆ ಬೀಳುವುದಿಲ್ಲವೆಂದು ತೋರಿಸಿದವು. ಕೆಲವೇ ದಿನಗಳಲ್ಲಿ ಮನೆಗೆ ನಡೆದು ಹೋಗಬಹುದಾದವರನ್ನು ವಾರಗಟ್ಟಲೆ ನೋವಿಗೆ ದೂಡುವುದೇಕೆ?

ವಿರೋಧ

ಎಂಬತ್ತರವರ ವಿಷಯದಲ್ಲಿ ನನ್ನ ತಕರಾರೇ ಇಲ್ಲ, ಅವರಿಗದು ವರ. ಅರವತ್ತೈದರವರ ಲೆಕ್ಕ ಬೇರೆ. ಅವರು ಇನ್ನೂ ಇಪ್ಪತ್ತು ವರ್ಷ ಬಾಳಬಹುದು, ಪ್ರಾಣಿಯ ಪೊರೆ ಅಷ್ಟು ಕಾಲ ಬಾಳುವ ಭರವಸೆಯಿಲ್ಲ. ಸವೆದರೆ ಎರಡನೆಯದನ್ನು ಮೊದಲನೆಯದರೊಳಗೇ ತೂರಿಸಬೇಕು. ಜಾಗ ಇಕ್ಕಟ್ಟಾಗಿ ಹೃದಯಕ್ಕೇ ರಕ್ತ ಉಣಿಸುವ ನಾಳಗಳ ಬಾಯಿ ಮುಚ್ಚುವ ಅಪಾಯವೂ ಇದೆ. ಅದಾಗದಿದ್ದರೆ ಎದೆ ತೆರೆದು, ಮಹಾಪಧಮನಿಯ ಗೋಡೆಗೆ ಅಂಟಿಕೊಂಡ ಜಾಲರಿಯನ್ನು ಬಿಡಿಸಿ ತೆಗೆಯಬೇಕು. ಅಷ್ಟರಲ್ಲಿ ರೋಗಿಗೆ ಎಪ್ಪತ್ತೆಂಟು!

ಹಳೆಯ ಕವಾಟವನ್ನು ಕತ್ತರಿಸಿ ತೆಗೆಯದೆ ಪಕ್ಕಕ್ಕೆ ಒತ್ತಿ ಕೂರಿಸುವುದರಿಂದ ಹೃದಯದ ವಿದ್ಯುತ್ ಹಾದಿ ಜಜ್ಜಿಹೋಗಿ ಪೇಸ್‌ಮೇಕರ್ ಬೇಕಾಗುವುದು ಶಸ್ತ್ರಚಿಕಿತ್ಸೆಗಿಂತ ಹೆಚ್ಚು.

ನಮ್ಮ ನಾಡಿನ ಮಾತೂ ಇದೆ. ಸಂಧಿವಾತ ಜ್ವರದಿಂದ ಕವಾಟ ಕೆಟ್ಟವರು ಬಹುಪಾಲು ಚಿಕ್ಕ ವಯಸ್ಸಿನವರು, ಕೆಡುವುದೂ ಹೆಚ್ಚಾಗಿ ಮೈಟ್ರಲ್ ಕವಾಟ. ಅವರಿಗೆ ಟಾವಿ ಉತ್ತರವಲ್ಲ. ತಿರುವನಂತಪುರದ ಶ್ರೀಚಿತ್ರಾ ಸಂಸ್ಥೆ ರೂಪಿಸಿದ ಲೋಹದ ಕವಾಟ 1990ರಿಂದ ಎಷ್ಟೋ ಬಡವರ ಎದೆಯಲ್ಲಿ ಮಿಡಿಯುತ್ತಿದೆ. ರಕ್ತ ತೆಳುವಾಗಿಸುವ ಮಾತ್ರೆ ಜೀವಮಾನವಿಡೀ ಬೇಕು, ನಿಜ. ಆದರೆ ಟಾವಿಗೆ ಬೇಕಾದ ಲಕ್ಷಗಳನ್ನು ಹೊಂದಿಸಲು ಹೊಲ ಮಾರುವವರಿಗೆ ಈ ದಾರಿಯನ್ನೂ ತಿಳಿಸಲೇಬೇಕು.

ಅಮೆರಿಕದ 2020ರ ಮಾರ್ಗಸೂಚಿಯೂ 65ಕ್ಕಿಂತ ಕೆಳಗಿನವರಿಗೆ ಶಸ್ತ್ರಚಿಕಿತ್ಸೆ, 80 ದಾಟಿದವರಿಗೆ ಟಾವಿ, ನಡುವಿನವರಿಗೆ ಕೂತು ಮಾತಾಡಿ ತೀರ್ಮಾನಿಸಿ ಎನ್ನುತ್ತದೆ. ಆ ಮಾತುಕತೆಯೇ ನನಗೆ ಬೇಕಾದದ್ದು. ಒಪ್ಪಿಗೆ ಪತ್ರಕ್ಕೆ ಸಹಿ ಕೇಳುವ ಮುನ್ನ ಸಿಟಿ ಚಿತ್ರ ತೆರೆದು, ಎರಡನೆಯ ಕವಾಟ ಎಲ್ಲಿ ಕೂರುತ್ತದೆಂದು ರೋಗಿಗೆ ಬೆರಳಿಟ್ಟು ತೋರಿಸಿ.