ಯಂತ್ರ ನಿಂತರೆ ಕೂಲಿಗೆ ಕತ್ತರಿಯೆ?

ಸಿಎನ್‌ಸಿ ಮಿಲ್ಲಿಂಗ್ ಯಂತ್ರ ನಿಂತಿತು, ಪರದೆಯ ಮೇಲೆ ಅಲಾರಂ ಬಂತು. ಸರಿ, ಆಪರೇಟರನನ್ನು ಕರೆಯಿರಿ, ‘ಏನು ಮಾಡಿದೆಯೋ?’ ಎಂದು ಗದರಿಸಿರಿ, ನಿಂತ ಗಂಟೆಗಳ ಕೂಲಿ ಹಿಡಿಯಿರಿ! ನಮ್ಮ ಕೈಗಾರಿಕಾ ವಸಾಹತುಗಳ ಎಷ್ಟೋ ಶೆಡ್ಡುಗಳಲ್ಲಿ ಅಲಾರಂ ದುರಸ್ತಿ ಎಂದರೆ ಇಷ್ಟೇ. ಯಂತ್ರ ಏನು ಹೇಳುತ್ತಿದೆ ಎಂದು ಓದುವ ಮೊದಲೇ ಅಪರಾಧಿ ಯಾರೆಂಬುದು ತೀರ್ಮಾನವಾಗಿರುತ್ತದೆ.

ನಮ್ಮಲ್ಲಿ ಬಹಳ ಬಳಕೆಯಲ್ಲಿರುವ ಜಪಾನಿನ ಫಾನಕ್ ಕಂಟ್ರೋಲನ್ನೇ ತೆಗೆದುಕೊಳ್ಳೋಣ. ಹಬ್ಬದ ರಜೆ ಮುಗಿಸಿ ಬಂದು ಸ್ವಿಚ್ಚು ಹಾಕಿದರೆ 300ನೆಯ ಅಲಾರಂ. ಅಂದರೆ ಯಂತ್ರವು ತನ್ನ ಸೊನ್ನೆ ಜಾಗವನ್ನು ಮರೆತಿದೆ. ಕರೆಂಟು ಇಲ್ಲದಾಗಲೂ ಅಕ್ಷಗಳ ಸ್ಥಾನ ನೆನಪಿರಲೆಂದು ಒಂದು ಬ್ಯಾಟರಿ ಇಟ್ಟಿರುತ್ತಾರೆ. ಅನೇಕ ಯಂತ್ರಗಳಲ್ಲಿ ಅದು ಬೇರೇನೂ ಅಲ್ಲ, ನಮ್ಮ ಅಂಗಡಿಕಾರ ಮಿತ್ರರು ಮಾರುವಂಥ ದಪ್ಪ ಆಲ್ಕಲೈನ್ ಸೆಲ್ಲು ನಾಲ್ಕು! ವರ್ಷಕ್ಕೊಮ್ಮೆ ಬದಲಿಸಿ ಎಂದು ತಯಾರಕರೇ ಹೇಳಿದ್ದಾರೆ. ಸೆಲ್ಲು ಒಂದೇ ರಾತ್ರಿಯಲ್ಲಿ ಸಾಯುವುದಿಲ್ಲ. 307, 308 ಎಂಬ ನಂಬರುಗಳಲ್ಲಿ ಯಂತ್ರ ಮೊದಲೇ ಎಚ್ಚರಿಸಿರುತ್ತದೆ. ಆಪರೇಟರ್ ಹೇಳಿಯೂ ಇರುತ್ತಾನೆ. ‘ಈ ಲಾಟು ಮುಗಿಯಲಿ, ನೋಡೋಣ’ ಎಂದವರು ಯಾರು? ಆಮೇಲೆ ಗಾಬರಿಯಿಂದ ಕರೆಂಟು ತೆಗೆದು ಸೆಲ್ಲು ಬದಲಿಸಿದವರು ಯಾರು? ಅದನ್ನು ಯಂತ್ರಕ್ಕೆ ಕರೆಂಟು ಇರುವಾಗಲೇ, ತುರ್ತು ನಿಲುಗಡೆಯ ಗುಂಡಿ ಒತ್ತಿಟ್ಟು ಬದಲಿಸಬೇಕು. ಪೆಟ್ಟಿಗೆ ಪ್ಯಾನಲ್ಲಿನ ಒಳಗಿದ್ದರೆ ತರಬೇತಾದ ಕೆಲಸಗಾರನೇ ಕೈಹಾಕಬೇಕು. ನೆನಪು ಒಮ್ಮೆ ಹಾರಿತೆಂದರೆ ಅಕ್ಷಗಳನ್ನು ಗುರುತಿಗೆ ತಂದು 1815ನೆಯ ಪ್ಯಾರಾಮೀಟರಿನಲ್ಲಿ ಸೊನ್ನೆಯನ್ನು ಮತ್ತೆ ಕಟ್ಟಬೇಕು. ಅದು ತಪ್ಪಿದರೆ ಟೂಲು ಹೋಗಿ ವೈಸಿಗೆ ಬಡಿಯುತ್ತದೆ. ಆಗಲೂ ಬೈಗುಳ ಆಪರೇಟರನಿಗೇ.

ಇನ್ನು 411. ಅಕ್ಷ ಚಲಿಸುವಾಗ ಆಜ್ಞೆಗಿಂತ ಮಿತಿಮೀರಿ ಹಿಂದೆ ಬಿದ್ದಿದೆ ಎಂದು ಅರ್ಥ. ಕವರಿನಲ್ಲಿ ಚೂರು ಸಿಕ್ಕಿರಬಹುದು, ಜಾರುದಾರಿಗೆ ಎಣ್ಣೆ ಬಾರದಿರಬಹುದು, ಮೊಂಡು ಟೂಲಿನಿಂದ ಆಳದ ಕಟ್ ತೆಗೆಸಿರಬಹುದು, ಮೋಟಾರಿನ ಕೇಬಲ್ಲು ಸವೆದಿರಬಹುದು. ನಂಬರು ನೋವು ಎಲ್ಲಿದೆ ಎಂದು ಹೇಳುತ್ತದೆ, ಏಕೆಂದು ಹೇಳುವುದಿಲ್ಲ. ಏಕೆಂದು ಹೇಳಬಲ್ಲವನು ನಿಲ್ಲುವ ಮುನ್ನ ಬಂದ ಸದ್ದನ್ನು ಕೇಳಿದವನು, ಅಂದರೆ ಯಂತ್ರದ ಮುಂದೆ ನಿಂತವನು. ಅವನನ್ನು ಮಾತ್ರ ಯಾರೂ ಕೇಳುವುದಿಲ್ಲ! ಸೂಪರ್‌ವೈಜರ್ ಬರುತ್ತಾರೆ, ರೀಸೆಟ್ ಒತ್ತುತ್ತಾರೆ, ಮತ್ತೆ ಓಡಿಸುತ್ತಾರೆ, ಮತ್ತೆ ನಿಲ್ಲುತ್ತದೆ. ಮೇಷ್ಟರಾಗಿದ್ದಾಗ ನಾನೂ ಸ್ಲೇಟಿನ ತಪ್ಪು ಲೆಕ್ಕ ನೋಡದೆ ಒರೆಸಿದ್ದುಂಟು; ಅದರಿಂದ ಹುಡುಗನಿಗೆ ಲೆಕ್ಕ ಬರಲಿಲ್ಲ.

1000ದಿಂದ 1999ರವರೆಗಿನ ನಂಬರುಗಳದು ಬೇರೆ ಕಥೆ. ಎಣ್ಣೆ, ಗಾಳಿಯ ಒತ್ತಡ, ಬಾಗಿಲು ಇಂಥವಕ್ಕೆ ಯಂತ್ರ ಕಟ್ಟಿದವರು ತಾವೇ ಇಟ್ಟ ನಂಬರುಗಳವು. ಒಂದು ಯಂತ್ರದ 1005 ಇನ್ನೊಂದರಲ್ಲಿ ಬೇರೆಯೇ ಆಗಿರಬಹುದು. ಪುಸ್ತಕ ಇಲ್ಲದೆ ತಿಳಿಯುವಂತಿಲ್ಲ. ಪುಸ್ತಕವೋ ಆಫೀಸಿನ ಬೀರುವಿನಲ್ಲಿ, ಬೀಗದೊಳಗೆ, ಇಂಗ್ಲಿಷಿನಲ್ಲಿ! ಎಲ್ಲರೂ ಪ್ಯಾರಾಮೀಟರು ತಿದ್ದಲಿ ಎಂದು ನಾವು ಹೇಳುತ್ತಿಲ್ಲ. ತಿದ್ದುವುದು ಬೇರೆ, ಓದುವುದು ಬೇರೆ.

ಎಲ್ಲಕ್ಕಿಂತ ಹೇಯವಾದದ್ದು ಬಾಗಿಲಿನ ಅಲಾರಂ. ಲಾಟು ಬೇಗ ಮುಗಿಯಲೆಂದು ಬಾಗಿಲ ಸ್ವಿಚ್ಚಿಗೆ ಬೇರೊಂದು ಕೀಲಿ ಸಿಕ್ಕಿಸಿ ಅದರ ಬಾಯಿ ಮುಚ್ಚಿಸುತ್ತಾರೆ. ತಿರುಗುವ ಸ್ಪಿಂಡಲಿಗೂ ಕೈಬೆರಳಿಗೂ ನಡುವೆ ಇರುವುದು ಆ ಸ್ವಿಚ್ಚೊಂದೇ. ಇದು ದುರಸ್ತಿಯಲ್ಲ, ಅಂಗಹೀನತೆಗೆ ಬರೆದುಕೊಟ್ಟ ಮುಚ್ಚಳಿಕೆ.

ಈ ಯಂತ್ರದ ಹುಟ್ಟಿನಲ್ಲೇ ಈ ಜಗಳವಿದೆ. ಅಂಕಿಗಳಿಂದ ನಡೆಯುವ ಮೊದಲ ಮಿಲ್ಲಿಂಗ್ ಯಂತ್ರವನ್ನು ಅಮೆರಿಕದ ಎಂ.ಐ.ಟಿ. 1952ರಲ್ಲಿ ವಾಯುಸೇನೆಯ ಹಣದಿಂದ ಮಾಡಿ ತೋರಿಸಿತು. ನುರಿತ ಕೆಲಸಗಾರನ ಕೈಚಲನೆಯನ್ನೇ ಟೇಪಿನಲ್ಲಿ ಹಿಡಿದು ಮತ್ತೆ ನಡೆಸುವ ಇನ್ನೊಂದು ವಿಧಾನ ಅದಕ್ಕೂ ಮೊದಲೇ ಇತ್ತು. ಅದನ್ನು ಮೂಲೆಗೆ ತಳ್ಳಿದ್ದರ ಹಿಂದೆ ಶಾಪಿನ ಹಿಡಿತ ಕೆಲಸಗಾರನ ಕೈ ತಪ್ಪಬೇಕೆಂಬ ಆಸೆಯೂ ಇತ್ತೆಂದು ಚರಿತ್ರಕಾರ ಡೇವಿಡ್ ನೋಬಲ್ 1984ರ ತಮ್ಮ ಪುಸ್ತಕದಲ್ಲಿ ವಾದಿಸಿದ್ದಾರೆ. ಬೀರುವಿನ ಬೀಗ ನೋಡಿದರೆ ಆ ವಾದ ನಮಗೆ ಹೊಸದಲ್ಲ.

ಸಾಲ ಮಾಡಿ ಒಂದೇ ಯಂತ್ರ ಕೊಂಡ ಸಣ್ಣ ಮಾಲೀಕನ ಕಷ್ಟ ನಮಗೆ ಗೊತ್ತಿದೆ. ಸರ್ವಿಸ್ ಇಂಜಿನಿಯರು ಬರುವವರೆಗೆ ಅವನಿಗೂ ನಿದ್ದೆಯಿಲ್ಲ. ಆದರೆ ಸ್ವಾಮಿ, ಆಪರೇಟರನ ಕೂಲಿ ಮುರಿದರೆ ಸೆಲ್ಲು ಚಾರ್ಜಾಗುತ್ತದೆಯೆ? ನಷ್ಟಕ್ಕೆ ಕೂಲಿ ಹಿಡಿಯುವ ಮುನ್ನ ಕೆಲಸಗಾರನ ವಿವರಣೆ ಕೇಳಬೇಕೆಂದು 1936ರ ವೇತನ ಪಾವತಿ ಕಾಯಿದೆಯಲ್ಲೇ ಇತ್ತು. 2019ರ ವೇತನ ಸಂಹಿತೆಯಲ್ಲೂ ಇದೆ.

ಪ್ರತಿ ಯಂತ್ರದ ಪಕ್ಕದಲ್ಲಿ ಕನ್ನಡದಲ್ಲಿ ಅಲಾರಂ ಪಟ್ಟಿ ತೂಗುಹಾಕಿ. ಒಂದು ರಿಜಿಸ್ಟರು ಇಡಿ. ರೀಸೆಟ್ ಒತ್ತುವ ಮೊದಲು ನಂಬರು, ವೇಳೆ, ಅಕ್ಷ, ಟೂಲು, ಪ್ರೋಗ್ರಾಮಿನ ಸಾಲು ಬರೆದು ಆಪರೇಟರನ ಸಹಿ ಹಾಕಿಸಿ. ಬರೆಯದೆ ಒತ್ತಿದ್ದರೆ ಕಂಟ್ರೋಲಿನ ಅಲಾರಂ ಇತಿಹಾಸದ ಪುಟ ತೆರೆದು ನೋಡಿ, ಅಲ್ಲಿ ಉಳಿದಿರುತ್ತದೆ. ಮುಂದಿನ ಸಲ ಕೂಲಿ ಹಿಡಿಯುವ ಚೀಟಿ ತಂದವರು ಆ ಪುಟವನ್ನೂ ಜೊತೆಗೆ ತರಲಿ.