ಹುಡುಗನಿಗೆ ಕೋವಿ ಕೊಡಿಸುವ ಮೊದಲು

ಗದ್ದೆಯಲ್ಲಿ ತೆನೆ ಬಾಗುವ ಹೊತ್ತಿಗೆ ಅಂಕೋಲೆಯ ಹಿಲ್ಲೂರು, ಅಚವೆ, ಕಾರವಾರದ ದೇವಳಮಕ್ಕಿ, ಗೋಟೆಗಾಳಿ ಕಡೆ ರಾತ್ರಿ ಮಾಳ ಕಾಯುವುದು ಹೊಸತೇನಲ್ಲ. ಹಂದಿ ಹಿಂಡು ಒಂದು ರಾತ್ರಿ ನುಗ್ಗಿತೆಂದರೆ ವರ್ಷದ ಅನ್ನ ಮಣ್ಣುಪಾಲು. ತೋಟದವನಿಗೆ ಮಂಗನ ಕಾಟ ಬೇರೆ. ಈ ಸೀಮೆಯ ಮನೆಗಳಲ್ಲಿ ಕೋವಿಯ ಮಾತು ಬರುವುದು ಸಹಜವೇ. ಈಗ ಅದಕ್ಕೆ ಇನ್ನೊಂದು ಆಸೆಯೂ ಸೇರಿಕೊಂಡಿದೆ. ಒಲಿಂಪಿಕ್ಸಿನಲ್ಲಿ ಹಾರುವ ತಟ್ಟೆ ಪುಡಿಯಾಗುವುದನ್ನು ಮೊಬೈಲಿನಲ್ಲಿ ಕಂಡ ಹುಡುಗ, “ಅಪ್ಪಾ, ನಂಗೊಂದು ಜೋಡುನಳಿಗೆ ಕೊಡ್ಸು. ತಟ್ಟೆನೂ ಹೊಡಿತೆ, ಶಿಕಾರಿನೂ ಆಗ್ತದೆ” ಅನ್ನುತ್ತಾನೆ. ಅಪ್ಪ ಅಡಿಕೆ ಮಾರಿದ ದುಡ್ಡು ಎಣಿಸಿಕೊಂಡು, ಅಗ್ಗದ್ದು ಯಾವುದಿದೆ ಎಂದು ನಾಲ್ಕು ಜನರ ಹತ್ತಿರ ವಿಚಾರಿಸುತ್ತಾನೆ.

ಒಂದೇ ಕೋವಿಯಲ್ಲಿ ಎರಡು ಕೆಲಸ ಎಂಬ ಈ ಲೆಕ್ಕದಲ್ಲೇ ಪೆಟ್ಟು ಬೀಳುವುದು.

ಶಿಕಾರಿಯ ಬಾಗಿಲು

ಶಿಕಾರಿಯ ಆಸೆಗೆ ದುಡ್ಡು ಹಾಕುವುದೇ ಬೇಡ. 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆ ಬಂದ ಮೇಲೂ ಕೆಲವು ಪ್ರಾಣಿಗಳ ಬೇಟೆಗೆ ಲೈಸೆನ್ಸ್ ಕೊಡುವ ಅವಕಾಶ ಕಾನೂನಿನಲ್ಲಿ ಉಳಿದಿತ್ತು. 1991ರ ತಿದ್ದುಪಡಿ ಅದನ್ನೂ ಕಿತ್ತುಹಾಕಿತು. ಇವತ್ತು ನವಿಲನ್ನೋ ಕಾಡುಕೋಣವನ್ನೋ ಹೊಡೆದವನಿಗೆ, ಅಥವಾ ಅಭಯಾರಣ್ಯದೊಳಗೆ ಬೇಟೆಯಾಡಿದವನಿಗೆ 3ರಿಂದ 7 ವರ್ಷ ಜೈಲು. ಜೊತೆಗೆ ಕೋವಿಯ ಲೈಸೆನ್ಸ್ ರದ್ದು ಮಾಡಿ 5 ವರ್ಷ ಹೊಸತು ಸಿಗದಂತೆ ನ್ಯಾಯಾಲಯ ಆದೇಶಿಸಬಹುದು. ಹಕ್ಕಿ ಹೊಡೆಯಲು ಏರ್‌ಗನ್ ಸಾಕಲ್ಲ ಎನ್ನುವವರಿದ್ದಾರೆ. ಕಾಡುಕೋಳಿಗೆ ಯಾವುದರಲ್ಲಿ ಹೊಡೆದರೂ ಅಪರಾಧ ಅಪರಾಧವೇ. ಅಜ್ಜ ಹೊಡೆದಿದ್ದ, ಮಾವ ಹೊಡೆದಿದ್ದ ಎಂಬ ಕತೆ ಕೋರ್ಟಿನಲ್ಲಿ ನಡೆಯುವುದಿಲ್ಲ.

“ಬೆಳೆ ರಕ್ಷಣೆಯ ಲೈಸೆನ್ಸ್ ಉಂಟಲ್ಲ, ಹಂದಿ ಹೊಡೆದರೇನಾಯ್ತು?” ಎಂಬ ಪ್ರಶ್ನೆ ಬರುತ್ತದೆ. ಆ ಲೈಸೆನ್ಸ್ ಕೋವಿ ಇಟ್ಟುಕೊಳ್ಳಲಿಕ್ಕೆ. ಪ್ರಾಣಿ ಕೊಲ್ಲಲು ಅರಣ್ಯ ಇಲಾಖೆಯ ಅಧಿಕಾರವುಳ್ಳವರ ಲಿಖಿತ ಅನುಮತಿ ಬೇರೆ ಬೇಕು. ಅದಿಲ್ಲದೆ ರೈತನಿಗೆ ಉಳಿಯುವುದು ಗಾಳಿಗೆ ಈಡು ಹಾರಿಸಿ ಬೆದರಿಸುವುದಷ್ಟೇ. ಹಂದಿಯೆಂದು ತಿಳಿದು ಜೊತೆಗಾರನಿಗೇ ಈಡು ಹೊಡೆದ ಸುದ್ದಿಯನ್ನಂತೂ ಮಲೆನಾಡಿನ ಜನ ಮತ್ತೆ ಮತ್ತೆ ಓದಿದ್ದಾರೆ. ರಾತ್ರಿ ಪೊದೆ ಅಲುಗಿತೆಂದು ಟ್ರಿಗರ್ ಎಳೆಯುವ ಕೈ ಹೆಚ್ಚಾಗಿ ಎಳೆಯ ಕೈಯೇ.

ತಟ್ಟೆಯ ಆಟ

ಇನ್ನು ಟ್ರ್ಯಾಪ್ ಶೂಟಿಂಗ್. ಇದು ಒಳ್ಳೆಯ ಆಟ, ಕಾನೂನಿನ ಆಟ. ಬಿಕಾನೇರಿನ ಮಹಾರಾಜ ಕರ್ಣಿ ಸಿಂಗ್ 1962ರಲ್ಲಿ ಕೈರೋದ ವಿಶ್ವ ಸ್ಪರ್ಧೆಯಲ್ಲಿ ಬೆಳ್ಳಿ ತಂದರು. ಮಾನವ್‌ಜಿತ್ ಸಿಂಗ್ ಸಂಧು 2006ರಲ್ಲಿ ವಿಶ್ವ ಚಾಂಪಿಯನ್ ಆದರು. 2023ರ ಹಾಂಗ್‌ಝೌ ಏಷ್ಯನ್ ಕ್ರೀಡಾಕೂಟದಲ್ಲಿ ಪುರುಷರ ಟ್ರ್ಯಾಪ್ ತಂಡಕ್ಕೆ ಚಿನ್ನ ಬಂತು. ಹುಡುಗ ಕನಸು ಕಂಡರೆ ತಪ್ಪೇನಿಲ್ಲ.

ಆದರೆ ಖರ್ಚಿನ ಲೆಕ್ಕ ಹಾಕಿ. ತಟ್ಟೆಯ ಅಗಲ 110 ಮಿಲಿಮೀಟರ್, ತೂಕ 105 ಗ್ರಾಂ. ಅದು ಗಂಟೆಗೆ ಸುಮಾರು 100 ಕಿಲೋಮೀಟರ್ ವೇಗದಲ್ಲಿ ದೂರ ಓಡುತ್ತದೆ. ಒಂದು ಸುತ್ತಿಗೆ 25 ತಟ್ಟೆ, ಸ್ಪರ್ಧೆಯ ಅರ್ಹತಾ ಹಂತಕ್ಕೆ 125. ಒಂದು ದಿನ ನಾಲ್ಕು ಸುತ್ತು ಅಭ್ಯಾಸ ಮಾಡಿದರೆ ಕಡಿಮೆಯೆಂದರೂ 100 ತೋಟಾ ಖಾಲಿ. ಕೋವಿಯ ದುಡ್ಡು ಒಮ್ಮೆ ಹೋಗಿ ಮುಗಿಯುತ್ತದೆ, ತೋಟಾದ ದುಡ್ಡು ವಾರವಾರ ಹೋಗುತ್ತದೆ. ಬೆಳೆ ರಕ್ಷಣೆಯ ಲೈಸೆನ್ಸಿಗೆ ಸಿಗುವ ತೋಟಾ ಈ ಆಟಕ್ಕೆ ಯಾವ ಮೂಲೆಗೂ ಸಾಲದು. ಪದಕ ಗೆಲ್ಲುವವರ ಕೈಯಲ್ಲಿರುವುದು ನಳಿಗೆಯ ಮೇಲೆ ನಳಿಗೆ ಕೂತ ಇಟಲಿಯ ಬೆರೆಟ್ಟಾ, ಪೆರಾಝಿಯಂಥ ಕೋವಿ. ಅದರ ಬೆಲೆ ಲಕ್ಷಗಳಲ್ಲಿ.

ವಯಸ್ಸಿನ ಮಾತೂ ಇದೆ. ಸ್ವಂತ ಹೆಸರಿನಲ್ಲಿ ಕೋವಿ ಪಡೆಯಲು 21 ತುಂಬಿರಬೇಕು. ಅದಕ್ಕಿಂತ ಚಿಕ್ಕವರು, 12 ತುಂಬಿದ್ದರೆ, ನಿಯಮದ ಪ್ರಕಾರ ತರಬೇತಿಯಲ್ಲಿ ಗುರಿ ಅಭ್ಯಾಸ ಮಾಡಬಹುದು. ಅಂದರೆ ಹದಿನೆಂಟರ ಹುಡುಗನಿಗೆ ಬೇಕಾದ್ದು ಒಳ್ಳೆಯ ರೈಫಲ್ ಕ್ಲಬ್ಬು, ಕಲಿಸುವ ಗುರು. 2004ರ ಅಥೆನ್ಸ್ ಒಲಿಂಪಿಕ್ಸಿನಲ್ಲಿ ಡಬಲ್ ಟ್ರ್ಯಾಪ್ ಬೆಳ್ಳಿ ಗೆದ್ದ ರಾಜ್ಯವರ್ಧನ್ ಸಿಂಗ್ ರಾಥೋಡ್ ಸೇನೆಯ ಅಧಿಕಾರಿಯಾಗಿದ್ದರು. ಅರಮನೆ ಇಲ್ಲದವನಿಗೆ ದಾರಿ ಇಂಥದ್ದೇ. ಕಾಲೇಜಿನ ಎನ್‌ಸಿಸಿಯಲ್ಲಿ ಪಾಯಿಂಟ್ 22 ರೈಫಲ್ ಹಿಡಿಯಲು ಸಿಗುತ್ತದೆ. 20 ಜೌಲ್ ಮೀರದ ಪಾಯಿಂಟ್ 177 ಏರ್ ರೈಫಲ್ಲಿಗೆ ಲೈಸೆನ್ಸೇ ಬೇಡ. ಕಣ್ಣು, ಉಸಿರು, ಶಿಸ್ತು ಪಳಗಲು ಅಷ್ಟು ಸಾಕು.

ಹಾಗಾದರೆ ಯಾವ ಕೋವಿ?

ನಿಜವಾಗಿ ಗದ್ದೆ ಕಾಯಬೇಕಾದವನಿಗೆ ಭಾರತದಲ್ಲೇ ತಯಾರಾದ 12 ಬೋರಿನ ಒಂಟಿನಳಿಗೆ ಸಾಕು. ಬೆಳೆ ರಕ್ಷಣೆಗೆ ಕೇಪಿನ ಕೋವಿ, ಅದು ಸಾಲದೆಂದು ಅಧಿಕಾರಿಗೆ ಮನವರಿಕೆಯಾದರೆ ತೋಟಾ ಕೋವಿ ಎಂದು 1959ರ ಶಸ್ತ್ರಾಸ್ತ್ರ ಕಾಯಿದೆಯೇ ಹೇಳುತ್ತದೆ.

ಎಲ್ಲಕ್ಕಿಂತ ಅಗ್ಗದ್ದು ಮನೆಯಲ್ಲೇ ಇರುವ ಅಜ್ಜನ ಕೋವಿ. ಲೈಸೆನ್ಸುದಾರನಿಗೆ 70 ವರ್ಷವಾಗಿದ್ದರೆ ಅಥವಾ ಆತ ಕೋವಿಯನ್ನು 25 ವರ್ಷ ಇಟ್ಟುಕೊಂಡಿದ್ದರೆ, ವಾರಸುದಾರನ ಹೆಸರಿಗೆ ಮಾಡಿಸಲು 2016ರ ನಿಯಮಗಳಲ್ಲಿ ಅವಕಾಶವಿದೆ. ಅಜ್ಜ ತೀರಿಕೊಂಡ ಮೇಲೆ ಅಟ್ಟದಲ್ಲಿ ಸುಮ್ಮನೆ ಇಟ್ಟುಕೊಂಡರೆ ಅದು ಲೈಸೆನ್ಸಿಲ್ಲದ ಕೋವಿ. 2019ರ ತಿದ್ದುಪಡಿಯ ನಂತರ ಅದಕ್ಕೆ 2ರಿಂದ 5 ವರ್ಷ ಶಿಕ್ಷೆ.

ಹಳೆಯ ಕೋವಿಯನ್ನು ಬಳಸುವ ಮೊದಲು ತಿಳಿದವರಿಗೆ ತೋರಿಸಬೇಕು. ತೋಟಾ ಇಲ್ಲವೆಂದು ಖಾತ್ರಿ ಮಾಡಿಕೊಂಡು, ಮಡಚಿ, ನಳಿಗೆಯನ್ನು ಬೆಳಕಿಗೆ ಹಿಡಿಯಿರಿ. ಒಳಗೆ ತುಕ್ಕಿನ ಗುಳಿ, ಹೊರಗೆ ತಗ್ಗು ಇದ್ದರೆ ಕೈಬಿಡಿ. ಕಾರವಾರದ ಉಪ್ಪುಗಾಳಿ, ನಾಲ್ಕು ತಿಂಗಳ ಮಳೆ ಎಣ್ಣೆ ಕಾಣದ ಕಬ್ಬಿಣವನ್ನು ತಿನ್ನದೆ ಬಿಡುವುದಿಲ್ಲ. ಮುಚ್ಚಿದ ಮೇಲೆ ಸಂದು ಗಡಗಡ ಅಂದರೂ ಬೇಡ. ಕೆಲವು ಹಳೆಯ ಕೋವಿಗಳ ತೋಟಾಗೂಡು 65 ಮಿಲಿಮೀಟರ್. ಈಗಿನ 70 ಮಿಲಿಮೀಟರ್ ತೋಟಾ ಅದರೊಳಗೆ ಸಲೀಸಾಗಿ ಕೂರುತ್ತದೆ, ಹಾರಿಸಿದಾಗ ಬಾಯಿ ಬಿಚ್ಚಲು ಜಾಗವಿಲ್ಲದೆ ಒತ್ತಡ ಏರಿ ಅಪಾಯ ತರುತ್ತದೆ. ಹಿಡಿ ಹುಡುಗನ ತೋಳಿನ ಅಳತೆಗೆ ಹೊಂದಬೇಕು. ಹಗುರ ಕೋವಿ ಹೊರಲು ಸುಖ, ಹೆಗಲಿಗೆ ಒದೆತ ಜಾಸ್ತಿ.

ಆಡಳಿತದ ಪಾಲು

ಹುಡುಗರಿಗೆ ಬುದ್ಧಿ ಹೇಳಿದಷ್ಟಕ್ಕೆ ಮುಗಿಯಲಿಲ್ಲ. ಮುಕ್ಕಾಲು ಪಾಲಿಗೂ ಮಿಕ್ಕಿ ಕಾಡೇ ಇರುವ ಈ ಜಿಲ್ಲೆಯಲ್ಲಿ ಗದ್ದೆಗೂ ಅಡವಿಗೂ ನಡುವೆ ಇರುವುದು ಒಂದು ಬೇಲಿ. ಬೆಳೆ ಹೋದವನಿಗೆ ಪರಿಹಾರ ಬೇಗ ಸಿಕ್ಕರೆ ಅರ್ಧ ಜನ ಕೋವಿಯ ಆಸೆ ಬಿಡುತ್ತಾರೆ. ಲೈಸೆನ್ಸಿಗೆ ಬೇಕಾದ ಸುರಕ್ಷತಾ ತರಬೇತಿ ಕಾರವಾರ, ಅಂಕೋಲೆಗಳಲ್ಲೇ ನಡೆದರೆ ಉಳಿದರ್ಧ ಜನ ಕೋವಿ ಹಿಡಿಯುವ ಕ್ರಮ ಕಲಿಯುತ್ತಾರೆ. ಗುರಿಕಾರರಾಗುವ ಹುಡುಗ ಹುಡುಗಿಯರಿಗೆ ಸರಕಾರದ ದೇಖರೇಖಿಯಲ್ಲಿ ಜಿಲ್ಲಾ ಕೇಂದ್ರದ ಹತ್ತಿರ ಒಂದು ರೇಂಜ್, ಕ್ಲಬ್ಬಿನದೇ ಎರಡು ಕೋವಿ ಇದ್ದರೆ ಪ್ರತಿ ಅಪ್ಪನೂ ಅಡಿಕೆ ದುಡ್ಡು ಸುರಿಯಬೇಕಿಲ್ಲ. ಹುಡುಗನ ಕಣ್ಣಿಗೆ ಆಗ ಕಾಡು ಬೀಳದೆ ತಟ್ಟೆ ಬೀಳುತ್ತದೆ.

ಜಿಲ್ಲಾಡಳಿತ, ಅರಣ್ಯ ಇಲಾಖೆ, ಕ್ರೀಡಾ ಇಲಾಖೆ ಈ ಮೂವರೂ ಒಂದು ದಿನ ಒಂದೇ ಮೇಜಿಗೆ ಕೂತು ಇದನ್ನು ಬಗೆಹರಿಸುವರೇ? ಅಲ್ಲಿಯವರೆಗೆ ಅಪ್ಪಂದಿರು ದುಡ್ಡಿನ ಗಂಟು ಬಿಚ್ಚದಿರುವುದೇ ಲೇಸು.